ಆಕಾಶದಲ್ಲಿ ಕೂರಿಸಿದ ತೋಳು

"ಮೂರು ಗಂಟೆ! ಮೂರು ಗಂಟೇಲಿ ಒಂದು ತೋಳೇನು, ಪೈಲಟ್‌ಗೂ ಒಂದು ಸೂಟು ಹೊಲಿದು ಕೊಡ್ತೀನಿ!" ಎಂದು ಟೈಲರ್ ಮಹಾಶಯರು ಎದೆ ತಟ್ಟಿಕೊಂಡು ಘೋಷಿಸಿದರು.

ಪಕ್ಕದ ದೇಶದಲ್ಲಿರುವ ಬಾಮೈದನ ಮದುವೆ ಅವತ್ತೇ ಸಂಜೆ. "ಅಂಗಡಿ ಕೋಟು ಯಾಕೋ? ನಿನ್ನ ಭಾವನೇ ಹೊಲೀತಾರೆ" ಎಂದು ಹೆಂಡತಿ ತವರಿಗೆಲ್ಲ ಸಾರಿಬಿಟ್ಟಿದ್ದಳು. ಕೋಟಿನ ಮೈ ಸಿದ್ಧ, ಎಡತೋಳೂ ಸಿದ್ಧ. ಬಲತೋಳು ಮಾತ್ರ ಹೊರಡುವ ಬೆಳಿಗ್ಗೆಯೂ ಚೀಲದಲ್ಲಿ ಅನಾಥವಾಗಿ ಮಲಗಿತ್ತು.

"ರೀ, ಇಲ್ಲೇ ಮುಗಿಸಬಾರ್ದಾ?"

"ಟಿಕೆಟ್ ನೋಡೇ! ಹನ್ನೊಂದಕ್ಕೆ ಹೊರಡತ್ತೆ, ಎರಡಕ್ಕೆ ಇಳಿಯತ್ತೆ. ಅಷ್ಟೊತ್ತು ಮೋಡ ಎಣಿಸ್ತಾ ಕೂತ್ಕೊಳ್ಲಾ?"

"ಆ ಊರು ಇಲ್ಲೇ ಪಕ್ಕದಲ್ಲಿದೆ ಅಂತಾರಲ್ರೀ..."

"ಗೋಡೆ ನಕ್ಷೆಗೆ ಟೇಪ್ ಹಿಡಿದು ಅಳೆದಿದ್ದೀನಿ. ಒಂದು ಕಾಲರ್ ಅಗಲ! ಅಷ್ಟು ದೂರಕ್ಕೆ ಮೂರು ಗಂಟೆ ಬೇಡ್ವಾ?"

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕತ್ತರಿ ಕಿತ್ತುಕೊಂಡರು. "ಹೋಗ್ಲಿ ಬಿಡಿ, ನನಗೆ ಹಲ್ಲಿದೆ" ಎಂದರು ಟೈಲರ್.

ವಿಮಾನ ಮೇಲೇರಿತು. ಅವಸರವೇನು? ಜ್ಯೂಸ್ ಕುಡಿದರು. ಕಿಟಕಿಯಲ್ಲಿ ಇಣುಕಿದರು. ಸೂಜಿಗೆ ದಾರ ಪೋಣಿಸಿ, ಮುಂದಿನ ಪುಟ್ಟ ಟೇಬಲ್ಲಿನ ಮೇಲೆ ಕೋಟು ಹರಡಿ ನಾಲ್ಕು ಹೊಲಿಗೆ ಹಾಕಿದ್ದರು, ಅಷ್ಟರಲ್ಲಿ ಮೈಕು ಗೊರಗೊರ ಎಂದಿತು: ವಿಮಾನ ಇಳಿಯುತ್ತಿದೆ!

"ಏನಮ್ಮಾ, ಕೆಟ್ಟೋಯ್ತಾ?" ಟೈಲರ್ ಗಗನಸಖಿಯನ್ನು ಗಾಬರಿಯಿಂದ ಕೇಳಿದರು.

"ಇಲ್ಲ ಸರ್, ಊರು ಬಂತು. ಹಾರೋದು ಒಂದೇ ಗಂಟೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡು ಗಂಟೆ ಮುಂದೆ, ಅಷ್ಟೇ. ಟೇಬಲ್ ಮಡಚಿ."

ಹೆಂಡತಿ ಕಣ್ಣಲ್ಲೇ ಸುಟ್ಟಳು. "ನನ್ನ ತಮ್ಮ ಒಂಟಿ ತೋಳಲ್ಲಿ ಮಂಟಪದಲ್ಲಿ ನಿಲ್ಬೇಕಾ? ತವರಲ್ಲಿ ನಾನು ಮುಖ ಎಲ್ಲಿ ಇಟ್ಕೊಳ್ಲಿ?"

ಟೇಬಲ್ ಮಡಚಿದ್ದಾಯಿತು, ಕೋಟು ತೊಡೆಗೆ ಬಂತು. ಆಮೇಲೆ ನೋಡಬೇಕಿತ್ತು ಆ ಕೈಯನ್ನು! ವಿಮಾನ ಕುಲುಕಲಿ, ಕಿವಿ ಮುಚ್ಚಿಕೊಳ್ಳಲಿ, ಸೂಜಿ ನಿಲ್ಲಲಿಲ್ಲ. ಚಕ್ರ ನೆಲಕ್ಕೆ ತಾಗುವುದಕ್ಕೂ ಕೊನೆಯ ಗಂಟು ಬೀಳುವುದಕ್ಕೂ ಸರಿಹೋಯಿತು.

"ನೋಡಿದ್ಯಾ!" ಎಂದು ಟೈಲರ್ ಗೆದ್ದ ಸೇನಾಪತಿಯಂತೆ ಎದ್ದು ನಿಂತರು.

ಕೋಟೂ ಜೊತೆಗೇ ಎದ್ದಿತು. ಎಳೆದರೂ ಬರಲೊಲ್ಲದು. ಬಲತೋಳಿನ ಹೊಲಿಗೆ, ದಾರಿಯಲ್ಲಿ ಸಿಕ್ಕ ಅವರ ಪ್ಯಾಂಟಿನ ತೊಡೆಯನ್ನೂ ಸೇರಿಸಿಕೊಂಡು ಹೋಗಿತ್ತು!

"ಬಿಚ್ರೀ ಬೇಗ!"

ಹಲ್ಲು ತೊಡೆಗೆ ಎಟುಕಲಿಲ್ಲ. ಉಗುರಿಗೆ ದಾರ ಜಗ್ಗಲಿಲ್ಲ. "ನಾನು ಹಾಕಿದ ಹೊಲಿಗೆ ಕಣೇ, ಅಷ್ಟು ಸುಲಭಕ್ಕೆ ಬಿಚ್ಚುತ್ತಾ?" ಆ ಹೊತ್ತಲ್ಲೂ ಟೈಲರ್ ದನಿಯಲ್ಲಿ ಹೆಮ್ಮೆ!

ಕೋಟನ್ನು ಮಗುವಿನಂತೆ ಅವುಚಿಕೊಂಡು, ಕುಂಟುತ್ತ ಹೊರಗೆ ಬಂದರು. ಎದುರಿಗೇ ಮದುಮಗ. ಕೋಟು ನೋಡಿದ, ಪ್ಯಾಂಟು ನೋಡಿದ, ಬಾಯಿ ಬಿಟ್ಟ.

"ಅಕ್ಕಾ, ನಾನು ಕೇಳಿದ್ದು ಕೋಟು ಮಾತ್ರ. ಭಾವನ್ನೂ ಸೇರಿಸಿ ಹೊಲಿದಿದ್ದೀರಲ್ಲ! ಎಲ್ಲಿ ಕತ್ತರಿಸ್ಲಿ?"

ಹೆಂಡತಿ ಒಂದು ಕ್ಷಣವೂ ಯೋಚಿಸಲಿಲ್ಲ.

"ಭಾವನ ಕಡೆ ಎಲ್ಲಾದ್ರೂ ಕತ್ತರಿಸೋ. ಕೋಟಿಗೆ ಮಾತ್ರ ಏನೂ ಆಗ್ಬಾರ್ದು!"