ಎಡಗೆನ್ನೆಯ ಉದ್ಧಾರ

ಚಪ್ಪಲಿ ಅಂಗಡಿಯವನು ನನ್ನ ಹೆಂಡತಿಗೆ, "ಮೇಡಂ, ನಿಮ್ಮ ತಂದೆಯವರು ಪಾಪ ನಿಂತೇ ಇದ್ದಾರೆ, ಕೂರಿಸಿ" ಎಂದ. ನಮ್ಮಿಬ್ಬರ ಅಂತರ ಎರಡು ವರ್ಷ ನಾಲ್ಕು ತಿಂಗಳು. ಅವಳು ಅವನನ್ನು ತಿದ್ದಬಹುದಿತ್ತು. ತಿದ್ದಲಿಲ್ಲ, ಖುಷಿಗೆ ಇನ್ನೊಂದು ಜೊತೆ ಕೊಂಡಳು.

ಅಂದೇ ತೀರ್ಮಾನಿಸಿದೆ: ಜೋತ ಕೆನ್ನೆಗಳನ್ನು ಮೇಲೆತ್ತಿಸುವ ಆಪರೇಷನ್, ಫೇಸ್‌ಲಿಫ್ಟ್!

"ಮುಖಕ್ಕೆ ಕತ್ತರಿ ಹಾಕಿಸ್ಕೊಳ್ತೀರಾ? ಹೆಚ್ಚುಕಮ್ಮಿ ಆದ್ರೆ ನನ್ನ ಗತಿ ಏನ್ರೀ?"

"ಕಿವಿ ಹಿಂದೆ ಸಣ್ಣ ಗೀಟು ಅಷ್ಟೇ ಕಣೆ."

"ಮೂವತ್ತು ವರ್ಷದಿಂದ ಆ ಮುಖ ನೋಡ್ತಿರೋಳು ನಾನು. ನನಗಿಲ್ಲದ ಕಷ್ಟ ನಿಮಗ್ಯಾಕೆ? ಬೇಡ ಅಂದ್ರೆ ಬೇಡ."

ನಾನು ಔಷಧ ಕಾರ್ಖಾನೆಯ ಪ್ರಯೋಗಾಲಯದವನು. ಪರೀಕ್ಷಿಸದೆ ಏನನ್ನೂ ಬಿಡುವುದಿಲ್ಲ. ಭಾನುವಾರ ಬೆಳಿಗ್ಗೆ ಬಚ್ಚಲುಮನೆಯ ಚಿಲಕ ಹಾಕಿಕೊಂಡು, ಎಡಗೆನ್ನೆಯನ್ನು ಹನ್ನೊಂದು ಮಿಲಿಮೀಟರ್ ಮೇಲಕ್ಕೆಳೆದು, ಕಿವಿಯ ಹಿಂದೆ ಪ್ಲಾಸ್ಟರ್ ಹಾಕಿ ಬಿಗಿದೆ. ಬಲಗೆನ್ನೆಯನ್ನು ಮುಟ್ಟಲಿಲ್ಲ. (ಹೋಲಿಸಿ ನೋಡಲು ಒಂದನ್ನು ಹಾಗೇ ಉಳಿಸಬೇಕು, ವಿಜ್ಞಾನದ ಮೂಲಸೂತ್ರ.) ನೋಡುವವರಿಗೆ ಮೊದಲೇ ಹೇಳಬಾರದೆಂಬುದು ಇನ್ನೊಂದು ಸೂತ್ರ. ಹೇಳಲಿಲ್ಲ. ಕನ್ನಡಿಯಲ್ಲಿ ಎಡಗಡೆಯಿಂದ ಮದುಮಗ, ಬಲಗಡೆಯಿಂದ ಅವನ ಮಾವ.

ಅಡುಗೆಮನೆಗೆ ಹೋಗಿ ನಕ್ಕೆ. ಅರ್ಧ ಬಾಯಿ ಮಾತ್ರ ನಕ್ಕಿತು. "ಹೇಗಿದೆ?" ಎಂದದ್ದು "ಹೇಹಿಹೆ" ಎಂದು ಹೊರಬಂತು.

ಅವಳ ಕೈಯ ಲೋಟ ನೆಲಕ್ಕೆ ಬಿತ್ತು. "ಅಯ್ಯೋ, ಲಕ್ವ! ಮುಖ ಒಂದ್ಕಡೆ ಬಿದ್ದೋಯ್ತಲ್ರೀ! ಮಾತೂ ತೊದಲ್ತಿದೆ!"

"ಹಯೋಹ ಕಣೆ, ಹಯೋಹ!" ಎಂದೆ. (ಪ್ರಯೋಗ.) ಅವಳ ಅಳು ಇಮ್ಮಡಿಯಾಯಿತು.

ಪಕ್ಕದ ಮನೆಯವರ ಕಾರಿನಲ್ಲಿ ನನ್ನನ್ನು ತುರುಕಿ ಆಸ್ಪತ್ರೆಗೆ ಹೊರಡಿಸಿದಳು. ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. "ಕಣ್ಣು ಮುಚ್ಚಬೇಡಿ. ಆ ಮುಖದ ಆಪರೇಷನ್ ತಾನೇ? ಮಾಡಿಸ್ಕೊಳ್ಳಿ. ಒಂದಲ್ಲ, ಎರಡು ಮಾಡಿಸ್ಕೊಳ್ಳಿ! ನೀವೊಬ್ಬರು ಉಳಿದ್ರೆ ಸಾಕು."

ಪ್ಲಾಸ್ಟರ್ ತೋರಿಸಲು ಕೈಯೆತ್ತಿದ್ದವನು ಮೆಲ್ಲನೆ ಇಳಿಸಿದೆ. ಒಪ್ಪಿಗೆ ಸಿಕ್ಕಿದ ಹೊತ್ತಿನಲ್ಲಿ ಸತ್ಯ ಹೇಳುವಷ್ಟು ದಡ್ಡನೇ ನಾನು?

"ಯಾವ ಕಡೆ ಬಿದ್ದಿರೋದಮ್ಮಾ?" ಡಾಕ್ಟರ್ ಕೇಳಿದರು.

"ಬಲಗಡೆ ಡಾಕ್ಟ್ರೇ! ನೋಡಿ, ಕೆನ್ನೆ ಹೇಗೆ ಜೋತಾಡ್ತಿದೆ!"

ಅದು ನಾನು ಮುಟ್ಟದೇ ಬಿಟ್ಟ ಅಸಲಿ ಕೆನ್ನೆ!

ಡಾಕ್ಟರು ಎರಡೂ ಕಡೆ ತಡವಿ, ಎಡಕಿವಿಯ ಹಿಂದೆ ಬೆರಳು ನಿಲ್ಲಿಸಿ, ಪ್ಲಾಸ್ಟರನ್ನು ಪರ್ರನೆ ಕಿತ್ತರು. ನಾಲ್ಕು ಕೂದಲೂ ಜೊತೆಗೆ ಹೋದವು. ಎಡಗೆನ್ನೆ ತೊಪ್ಪನೆ ಕೆಳಗಿಳಿಯಿತು.

ಹೆಂಡತಿ ಎರಡೂ ಕೆನ್ನೆಗಳನ್ನು ಹೋಲಿಸಿ ನೋಡಿದಳು. ಕಣ್ಣೊರೆಸಿಕೊಂಡು ಡಾಕ್ಟರಿಗೆ ಕೈಮುಗಿದಳು.

"ಸದ್ಯ! ಎರಡೂ ಕಡೆ ಜೋತುಬಿತ್ತು. ಈಗ ಪೂರ್ತಿ ಗುಣ ಆದ್ರು ನಮ್ಮನೆಯವರು!"