ಟ್ರ್ಯಾಕ್‌ಬಾಲ್ ಹಿಡಿದು ಹೆಣ್ಣು ನೋಡಲು ಹೋದದ್ದು

ತಲೆಗೆ ಹುಚ್ಚು ಹತ್ತಿಸಿಕೊಂಡವರನ್ನು ನೆಂಟರ ಮನೆಗೆ ಕರೆದುಕೊಂಡು ಹೋಗಬಾರದು. ಇಸ್ಪೀಟಿನ ಹುಚ್ಚಿದ್ದ ನಮ್ಮ ಸೋದರಮಾವ ಮದುವೆಯ ಆಮಂತ್ರಣ ಪತ್ರಿಕೆಗಳನ್ನೂ ಚೆನ್ನಾಗಿ ಕಲಸಿಯೇ ಹಂಚುತ್ತಿದ್ದ. ನನ್ನ ಹುಚ್ಚು ಅದಕ್ಕಿಂತ ವಿಚಿತ್ರದ್ದು. ತೊಂಬತ್ತರ ದಶಕದಲ್ಲಿ ನಾನು ಮಾಲೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಕಂಪ್ಯೂಟರಿನ ಮೌಸ್, ಟ್ರ್ಯಾಕ್‌ಬಾಲ್‌ಗಳನ್ನು ವಿನ್ಯಾಸ ಮಾಡುತ್ತಿದ್ದೆ. ಟ್ರ್ಯಾಕ್‌ಬಾಲ್ ಎಂದರೆ ಅಂಗಾತ ಮಲಗಿದ ಮೌಸ್ ಎಂದುಕೊಳ್ಳಿ. ಡಬ್ಬಿ ಕೂತಲ್ಲೇ ಕೂತಿರುತ್ತದೆ. ಅದರ ನೆತ್ತಿಯ ಮೇಲಿನ ಚೆಂಡನ್ನು ಬೆರಳಿನಿಂದ ಉರುಳಿಸಿದರೆ ಪರದೆಯ ಮೇಲೆ ಬಾಣ ಓಡಾಡುತ್ತದೆ. ಆ ದಿನಗಳಲ್ಲಿ ದುಂಡಗಿದ್ದದ್ದೆಲ್ಲ ನನಗೆ ಚೆಂಡೇ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಎಲ್ಲರೂ ಹಣ್ಣನ್ನು ಮೂಸಿ ನೋಡಿದರೆ ನಾನು ಉರುಳಿಸಿ ನೋಡುತ್ತಿದ್ದೆ.

ನನ್ನ ಟ್ರ್ಯಾಕ್‌ಬಾಲ್‌ಗೆ ಒಂದು ರೋಗವಿತ್ತು. ಚೆಂಡನ್ನು ನಿಧಾನವಾಗಿ ಬಲಕ್ಕೆ ಉರುಳಿಸಿದರೆ ಬಾಣ ಬಲಕ್ಕೇ ಹೋಗುತ್ತಿತ್ತು. ಜೋರಾಗಿ ಉರುಳಿಸಿದರೆ ಒಮ್ಮೊಮ್ಮೆ ಮುನಿಸಿಕೊಂಡು ಎಡಕ್ಕೆ ಓಡುತ್ತಿತ್ತು. ಯಾಕೆ ಹೀಗೆ? ಊಟಕ್ಕೆ ಕೂತರೂ ಅದೇ ಯೋಚನೆ, ಸ್ನಾನಕ್ಕೆ ಹೋದರೂ ಅದೇ. ಹೀಗಾಗಿ ಮುಳಬಾಗಿಲಿಗೆ ಹೆಣ್ಣು ನೋಡಲು ಹೊರಟಾಗಲೂ ಅದು ನನ್ನ ಚೀಲದಲ್ಲಿತ್ತು. "ಲೋ, ಅದನ್ಯಾಕೋ ತರ್ತಿದೀಯ? ಅದಕ್ಕೂ ಹೆಣ್ಣು ನೋಡ್ಬೇಕಾ?" ಎಂದು ಅಮ್ಮ ಬಸ್ಸಿನಲ್ಲೇ ರೇಗಿದಳು.

ಹುಡುಗಿಯ ಚಿಕ್ಕಪ್ಪ ಉಭಯಕುಶಲೋಪರಿ ಮುಗಿಸಿ, "ಕೆಲಸ ಏನು?" ಎಂದರು. ನಾನು ಡಬ್ಬಿ ತೆಗೆದೆ. "ಅದೇಮಿ ನಾಯನಾ?" ಎಂದು ಅವರ ಮನೆಯ ಅಜ್ಜಿ ತೆಲುಗಿನಲ್ಲಿ ಕೇಳಿದರು. ಅಷ್ಟು ಸಾಕಾಯಿತು, ನನ್ನ ಪ್ರವಚನ ಶುರು.

"ಚೆಂಡು ಉರುಳಿದ್ರೆ ಒಳಗೆ ಕಿಂಡಿ ಕೊರೆದ ಚಕ್ರ ತಿರುಗುತ್ತೆ ಅಜ್ಜಿ. ಚಕ್ರದ ಈ ಕಡೆ ಒಂದು ದೀಪ, ಆ ಕಡೆ ಎರಡು ಕಣ್ಣು. ಯಾವ ಕಣ್ಣಿಗೆ ಮೊದಲು ಕತ್ತಲಾಯ್ತು ಅಂತ ಕಂಟ್ರೋಲರ್ ಚಿಪ್ ನೋಡಿ, ಎಡಕ್ಕೋ ಬಲಕ್ಕೋ ಅಂತ ಕಂಪ್ಯೂಟರಿಗೆ ಹೇಳುತ್ತೆ."

ಚಿಕ್ಕಪ್ಪ ಕೇಸರಿಬಾತಿನ ಕಡೆ ನೋಡುತ್ತ ತಲೆಯಾಡಿಸಿದರು. ಆಗ ಕಾಫಿ ತಂದ ಹುಡುಗಿ ತಟ್ಟೆಯನ್ನು ಕೆಳಗಿಡದೆಯೇ ಕೇಳಿದಳು: "ಚಕ್ರ ತುಂಬಾ ಜೋರಾಗಿ ತಿರುಗಿದ್ರೆ? ಚಿಪ್ ನೋಡೋ ಅಷ್ಟರಲ್ಲಿ ಕಿಂಡಿ ದಾಟ್‌ಹೋಗಿದ್ರೆ ಅದಕ್ಕೆ ಹೆಂಗ್ ಗೊತ್ತಾಗುತ್ತೆ?"

ನನ್ನ ಮೈ ಜುಮ್ಮೆಂದಿತು. ಕಾಫಿ ಅಲ್ಲೇ ಆರಿತು. ಸ್ಕ್ರೂಡ್ರೈವರ್ ತೆಗೆದು ಡಬ್ಬಿಯನ್ನು ಕೇಸರಿಬಾತಿನ ಪಕ್ಕದಲ್ಲೇ ಬಿಚ್ಚಿ ಹರಡಿದೆ. ಅವಳು ಎದುರಿಗೆ ಕೂತು ಚಕ್ರವನ್ನು ಬೆರಳಿನಿಂದ ತಿರುಗಿಸುತ್ತ, "ಈಗ ಕತ್ತಲು, ಈಗ ಬೆಳಕು" ಎನ್ನುತ್ತ ಹೋದಳು. ನಾನು ಚಿಪ್ ಆಗಿ ಕಣ್ಣು ಮುಚ್ಚಿ ಮುಚ್ಚಿ ತೆರೆದೆ. ಹೌದು! ನಾನು ಬರೆದಿದ್ದ ಆದೇಶದಂತೆ ಚಿಪ್ ತೀರಾ ಸಾವಕಾಶವಾಗಿ ಕಣ್ಣು ಬಿಡುತ್ತಿತ್ತು. ಅಷ್ಟರಲ್ಲಿ ಚಕ್ರ ಮುಂದಕ್ಕೆ ಹಾರಿ, ಹಿಂದಕ್ಕೆ ತಿರುಗಿದಂತೆ ಕಾಣುತ್ತಿತ್ತು. ಬೇಗ ಬೇಗ ನೋಡು ಎಂದು ಅದಕ್ಕೆ ಹೇಳಿದರೆ ಮುಗಿಯಿತು. ಖುಷಿಯಿಂದ ನನಗೆ ಕುಣಿಯುವಂತಾಯಿತು.

ವಾಪಸು ಬರುವಾಗ ಅಮ್ಮ ಕೇಳಿದಳು: "ಹುಡುಗಿ ಹೆಂಗಿದಾಳೋ?"

ನೆನಪಿಸಿಕೊಂಡೆ. ಹಸಿರು ಗಾಜಿನ ಬಳೆ, ಚಕ್ರ ತಿರುಗಿಸುವ ತೋರುಬೆರಳು, ಅದರ ಉಗುರಿಗೆ ಹತ್ತಿದ ಅರಿಶಿನ. ಅದರಿಂದ ಮೇಲಕ್ಕೆ ಏನೂ ಇಲ್ಲ. ಅಯ್ಯೋ ದೇವರೇ, ಮುಖವನ್ನೇ ನೋಡಿಲ್ಲ!

"ಬೆರಳು ಚೆನ್ನಾಗಿದೆ" ಎಂದೆ.

ಅಮ್ಮ ಹಣೆ ಚಚ್ಚಿಕೊಂಡಳು. "ನಾಳಿದ್ದು ಅವರಿಗೆ ಹೇಳಿ ಕಳಿಸ್ಬೇಕು ಕಣೋ. ಇನ್ನೊಂದ್ಸಲ ನೋಡ್ತೀವಿ ಅಂದ್ರೆ ಹುಡುಗೀಲಿ ಐಬು ಹುಡುಕ್ತಿದಾರೆ ಅಂದ್ಕೊಳಲ್ವಾ?" ನನಗೋ ಬೇಡ ಎನ್ನಲು ಸುತರಾಂ ಮನಸ್ಸಿಲ್ಲ. ಅಂಥ ಪ್ರಶ್ನೆ ಕೇಳುವವಳು ಕೈತಪ್ಪಿದರೆ ಜನ್ಮವಿಡೀ ಪರದಾಡಬೇಕಾಗುತ್ತದೆ. ಹಾಗೆಂದು ಮುಖ ನೋಡದೆ ಹೂಂ ಎನ್ನುವಷ್ಟು ಧೈರ್ಯವೂ ಇಲ್ಲ.

ಮರುದಿನ ರಜೆ ಹಾಕಿ ಒಬ್ಬನೇ ಮುಳಬಾಗಿಲಿನ ಬಸ್ಸು ಹತ್ತಿದೆ. "ಒಂದು ಸ್ಕ್ರೂ ಇಲ್ಲೇ ಬಿದ್ದುಹೋಗಿದೆ, ಅದಿಲ್ಲದೆ ಕೆಲಸ ನಿಂತಿದೆ" ಎಂದು ಅವರ ಮನೆಯಲ್ಲಿ ಬೊಗಳೆ ಬಿಟ್ಟೆ. ಪಾಪ, ಚಿಕ್ಕಪ್ಪ ಟಾರ್ಚ್ ಹಿಡಿದು ಮಂಚದ ಕೆಳಗೆ ತೂರಿದರು. ಅಜ್ಜಿ ಕಸದ ಮೊರ ಜಾಲಾಡಿದರು. ನನಗೆ ನಾಚಿಕೆಯಿಂದ ಪ್ರಾಣ ಹೋದಂತಾಯಿತು.

ಹುಡುಗಿ ಬಾಗಿಲ ಬಳಿ ಬಂದು ಮೆಲ್ಲಗೆ, "ಸ್ಕ್ರೂ ಕಳೆದಿಲ್ಲ ಅಲ್ವಾ? ಎಲ್ಲಾನೂ ನಾನೇ ಎತ್ತಿ ಕೊಟ್ಟಿದ್ನಲ್ಲ" ಎಂದಳು.

"ಇಲ್ಲ. ನಿನ್ನೆ ನಿಮ್ಮ ಮುಖ ನೋಡೋದನ್ನೇ ಮರೆತುಬಿಟ್ಟೆ" ಎಂದುಬಿಟ್ಟೆ. ಇನ್ನು ಉಗಿಯುತ್ತಾಳೆ ಎಂದು ಕಾದೆ.

"ಸದ್ಯ, ಬಂದ್ರಲ್ಲ!" ಎಂದಳು. "ನಾನೂ ನೋಡಿರಲಿಲ್ಲ ರೀ. ಹುಡುಗ ಹೆಂಗಿದಾನೆ ಅಂತ ಚಿಕ್ಕಪ್ಪ ನಿನ್ನೆಯಿಂದ ಕೇಳ್ತಾನೇ ಇದಾರೆ. ಏನ್ ಹೇಳ್ಬೇಕೋ ಗೊತ್ತಾಗ್ದೆ ಒದ್ದಾಡ್ತಿದ್ದೆ."

ಅಲ್ಲೇ ನಿಂತು ಒಬ್ಬರನ್ನೊಬ್ಬರು ನೋಡಿಕೊಂಡೆವು. ನನಗಂತೂ ತುಂಬ ಹಿಡಿಸಿತು. ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಸಾವಕಾಶವಾಗಿ ನೋಡಿ, "ಚಕ್ರಾನೇ ವಾಸಿ ಇತ್ತು" ಎಂದಳು.

ಆದರೂ ಒಪ್ಪಿದಳು. ಯಾಕೆ ಒಪ್ಪಿದೆ ಎಂದು ಇಷ್ಟು ವರ್ಷಗಳಾದರೂ ನಾನು ಕೇಳಿಲ್ಲ. ಕೇಳಿದರೆ ಇನ್ನೊಂದು ಸಲ ನೋಡಿ ಹೇಳುತ್ತೇನೆ ಎಂದುಬಿಟ್ಟಾಳು ಎಂಬ ಭಯ.