ಎಡಗಡೆಯದು ಸತ್ತಿದೆ

ಮೇಷ್ಟ್ರಿಗೆ ಬೇಕಾಗಿದ್ದುದು ಮೂರು ನಿಮಿಷದ ಒಂದು ಹಾಡು. ಮೇಷ್ಟ್ರು ಎಂದರೆ ಶಾಲೆಯವರಲ್ಲ. ಡಬ್ಬಿಗೆ ತಗಡಿನ ಮುಚ್ಚಳ ಒತ್ತುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಪ್ರೆಸ್ ನಡೆಸುತ್ತಿರುವವರು. ಕೈಗೆ ಸಿಕ್ಕ ಚೀಟಿಯನ್ನೆಲ್ಲ ಕೊನೆಯ ಸಾಲಿನವರೆಗೆ ಓದುವ ಚಟಕ್ಕೆ ಜೊತೆಯವರು ಕೊಟ್ಟ ಬಿರುದು ಅದು.

ಬೆಳಿಗ್ಗೆ ಮಗಳು ಅವರ ಫೋನಿಗೆ ಹಾಡು ಹಾಕಿ ತಾಕೀತು ಮಾಡಿದ್ದಳು. “ಅಪ್ಪಾ, ನಾನೂ ಪಕ್ಕದ ಮನೆ ಗೆಳತೀನೂ ಹಾಡಿರೋದು. ಇಯರ್‌ಬಡ್ ಹಾಕ್ಕೊಂಡೇ ಕೇಳು. ಬಲಗಡೆ ಅವಳ ದನಿ, ಎಡಗಡೆ ನಂದು. ಸಂಜೆ ಆರಕ್ಕೆ ಸ್ಪರ್ಧೆಗೆ ಕಳಿಸ್ಬೇಕು. ಎಲ್ಲಿ ತಪ್ಪಿದೀನಿ ಅಂತ ನೀನು ಹೇಳೋವರೆಗೂ ಕಳಿಸಲ್ಲ.”

ಕಾರ್ಖಾನೆಯ ಗೇಟಿನೆದುರು ಫೋನಿನ ಅಂಗಡಿ. ಅಂಗಡಿಯವನು ಇಯರ್‌ಬಡ್‌ನ ಇಪ್ಪತ್ತು ಡಬ್ಬಿ ಹರವಿದ. “ಬೇಸ್ ಜಾಸ್ತಿ ಇರೋದು ಬೇಕಾ, ಬ್ಯಾಟರಿ ಬಾಳಿಕೆ ಬರೋದು ಬೇಕಾ, ಹೊರಗಿನ ಗದ್ದಲ ತಡೆಯೋದು ಬೇಕಾ?”

“ನನ್ನ ಮಗಳ ದನಿ ಕೇಳಿಸೋದು ಕೊಡಪ್ಪ.”

ಹತ್ತು ಗಂಟೆಯ ಟೀ ವಿರಾಮದಲ್ಲಿ ಮೇಷ್ಟ್ರು ಅವನ್ನು ಕಿವಿಗೆ ಸಿಕ್ಕಿಸಿಕೊಂಡರು. ಬಲಗಡೆ ಗೆಳತಿ ಗಂಟಲು ಬಿಚ್ಚಿ ಹಾಡುತ್ತಿದ್ದಳು. ಎಡಗಡೆ, ಭಾನುವಾರದ ಸರ್ಕಾರಿ ಕಚೇರಿ.

“ಕೊಡಿಲ್ಲಿ,” ಎಂದು ಯಂತ್ರಗಳಿಗೆ ಎಣ್ಣೆ ಬಿಡುವ ಎಣ್ಣೆ ಅಕ್ಕ ಕಿತ್ತುಕೊಂಡಳು. ಅಂಗಿಗೆ ಒರೆಸಿ, ಎಡಗಿವಿಗೆ ತುರುಕಿ, ಕಣ್ಣು ಮುಚ್ಚಿ, ನಾಡಿ ಹಿಡಿದ ವೈದ್ಯರ ಹಾಗೆ ತಲೆಯಾಡಿಸಿದಳು. “ಸತ್ತಿದೆ ಮೇಷ್ಟ್ರೇ.”

ಮಧ್ಯಾಹ್ನ ಊಟ ಬಿಟ್ಟು ಓಡಿ, ಮೇಲೆ ದುಡ್ಡು ಕೊಟ್ಟು ಬೇರೆ ಕಂಪನಿಯದು ತಂದರು. ಅದರದೂ ಎಡಗಡೆ ಸತ್ತಿತ್ತು! ಈ ಸಲ ಸಾಲಿನ ಆರೂ ಜನ ಪರೀಕ್ಷೆಗೆ ಮುತ್ತಿದರು. ಇಯರ್‌ಬಡ್ ಒಬ್ಬರ ಎಡಗಿವಿಯಿಂದ ಇನ್ನೊಬ್ಬರ ಎಡಗಿವಿಗೆ ಹಾರಿತು. ಆರಕ್ಕೆ ಆರೂ ಜನ ಒಂದೇ ತೀರ್ಪು ಕೊಟ್ಟರು. ಅವರ ಕಾರ್ಮಿಕ ಸಂಘದಲ್ಲಿ ಅಷ್ಟು ಒಮ್ಮತ ಅದುವರೆಗೆ ಕಂಡದ್ದಿಲ್ಲ.

“ಎಡಗಡೇದನ್ನ ಬಲಗಿವಿಗೆ ಹಾಕಿ ನೋಡಿದ್ರೆ?” ಎಂದಳು ಎಣ್ಣೆ ಅಕ್ಕ.

ಮೇಷ್ಟ್ರು ಡಬ್ಬಿಯೊಳಗಿನ ಚೀಟಿ ಬಿಡಿಸಿದರು. “ಇಲ್ಲಿ ಬರೆದಿದೆ ನೋಡು. ಎಡದ್ದು ಎಡಗಿವಿಗೇ, ಬಲದ್ದು ಬಲಗಿವಿಗೇ. ಅದಲು ಬದಲು ಮಾಡಬಾರದು.”

ಆರರಲ್ಲೊಬ್ಬನಾದ ಸಂಘದ ಕಾರ್ಯದರ್ಶಿಗೆ ರೋಷ ಉಕ್ಕಿತು. “ಸೂಟು ಹಾಕಿದೋರಿಗೆ ಎರಡು ಕಡೆ ಹಾಡು, ದುಡಿಯೋನಿಗೆ ಒಂದೇ ಕಡೆ! ನಡೀರಿ, ಕೇಳೇ ಬಿಡೋಣ.”

ನಾಲ್ಕು ಗಂಟೆಗೆ ಪಾಳಿ ಮುಗಿದದ್ದೇ ಆರು ಜನ ಅಂಗಡಿಗೆ ನುಗ್ಗಿದರು. “ನನ್ನ ಮಗಳು ಕಾಯ್ತಾ ಕೂತಿದಾಳೆ ಕಣಯ್ಯ,” ಎಂದರು ಮೇಷ್ಟ್ರು, ಅಳುವುದೊಂದು ಬಾಕಿ. “ಬೆಳಿಗ್ಗೆಯಿಂದ ಪಕ್ಕದ ಮನೆ ಹುಡುಗಿ ಹಾಡೇ ಕೇಳ್ತಿದೀನಿ!”

ಅಂಗಡಿಯವನು ಎಡಗಡೆಯದನ್ನು ತನ್ನ ಎಡಗಿವಿಗಿಟ್ಟುಕೊಂಡ. ಅವನ ತಲೆ ಮೆಲ್ಲಗೆ ತೂಗತೊಡಗಿತು. “ಚೆನ್ನಾಗಿ ಹಾಡ್ತಾಳಲ್ರೀ.”

“ಸುಳ್ಳು!” ಆರು ಗಂಟಲು ಒಟ್ಟಿಗೆ ಗುಡುಗಿದವು.

ಪಾರ್ಸೆಲ್ ಕೊಡಲು ಬಂದಿದ್ದವನ ಎಡಗಿವಿಗೂ ಇಟ್ಟದ್ದಾಯಿತು. ಅವನು ಕಾಲಲ್ಲಿ ತಾಳ ಹಾಕಿದ. ಆಗ ಅಂಗಡಿಯವನು ಚೀಟಿಯನ್ನು ಲೆಕ್ಕಿಸದೆ ಆ ಎಡಗಡೆಯದನ್ನೇ ಮೇಷ್ಟ್ರ ಬಲಗಿವಿಗೆ ಒತ್ತಿಬಿಟ್ಟ.

ಮಗಳು ಹಾಡುತ್ತಿದ್ದಳು. ಪಲ್ಲವಿ, ಚರಣ, ನಡುವೆ ಅವಳು ಉಸಿರು ಎಳೆದುಕೊಂಡದ್ದು ಕೂಡ. ಮೇಷ್ಟ್ರು ಕೌಂಟರನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಕೆಲಸ ಮಾಡೋವಾಗ,” ಅಂಗಡಿಯವನು ಅಳುಕುತ್ತ ಕೇಳಿದ, “ಪ್ರೆಸ್ಸು ನಿಮ್ಮ ಯಾವ ಕಡೆ ಇರುತ್ತೆ?”

ಆರೂ ಎಡಗೈಗಳು ಎಡಗಿವಿಗಳ ಮೇಲೆ ಹೋದವು. ಇಪ್ಪತ್ತೆರಡು ವರ್ಷ, ಹದಿನೆಂಟು ವರ್ಷ, ಹನ್ನೊಂದು ವರ್ಷ. ನಿಮಿಷಕ್ಕೆ ನಲವತ್ತು ಮುಚ್ಚಳ, ಮುಚ್ಚಳಕ್ಕೊಂದು ಏಟು. ಕಿವಿಗೆ ಒಂದು ಚೂರು ಹತ್ತಿಯನ್ನೂ ಕಂಪನಿ ಕೊಟ್ಟಿರಲಿಲ್ಲ. ಶೆಡ್ಡಿನಲ್ಲಿ ಎಲ್ಲರೂ ಕಿರುಚಿಯೇ ಮಾತಾಡುತ್ತಿದ್ದರಿಂದ ಯಾರ ಕಿವುಡೂ ಯಾರಿಗೂ ಗೊತ್ತಾಗಿರಲಿಲ್ಲ.

ಇವರು ಅಂಗಡಿಗೆ ಬಂದದ್ದಕ್ಕಿಂತ ಜೋರಾಗಿ ಕಾರ್ಖಾನೆಗೆ ಹೋದರು. ಕಾರ್ಯದರ್ಶಿಯೊಬ್ಬನನ್ನೇ ಮ್ಯಾನೇಜರು ಒಳಗೆ ಬಿಟ್ಟುಕೊಂಡರು. ಹೊರಗೆ ಬೆಂಚಿನ ಮೇಲೆ ಕೂತು ಮೇಷ್ಟ್ರು ಮಗಳಿಗೆ ಬರೆದರು: ‘ಎರಡನೇ ಚರಣದಲ್ಲಿ ಉಸಿರು ಬೇಗ ಬಿಟ್ಟಿದೀಯ ಮಗಳೇ. ಬಾಕಿ ಎಲ್ಲಾ ಚಿನ್ನ. ಕಳಿಸು.’

ಅರ್ಧ ಗಂಟೆಯಾದ ಮೇಲೆ ಬಾಗಿಲು ತೆರೆಯಿತು. ಕಾರ್ಯದರ್ಶಿಯ ಮುಖ ಗೆದ್ದ ಅಭ್ಯರ್ಥಿಯ ಮುಖದಂತೆ ಹೊಳೆಯುತ್ತಿತ್ತು.

“ಒಪ್ಪಿಕೊಂಡ್ರು!” ಅವನು ಮೇಷ್ಟ್ರನ್ನು ತಬ್ಬಿಕೊಂಡು, ಅವರ ಬಲಗಿವಿಯನ್ನೇ ಹುಡುಕಿ ಕೂಗಿದ. “ನಮ್ಮ ಎಡಗಿವಿಗಳಿಗೆ ಅನ್ಯಾಯ ಆಗಿರೋದು ನಿಜ ಅಂತ ಸಾಹೇಬ್ರು ಬರೆದೇ ಕೊಟ್ಟಿದಾರೆ. ಒಂದು ಪೈಸೆ ಸಂಬಳ ಕಡಿತ ಇಲ್ಲ. ನಾಳೆಯಿಂದ ಎಲ್ಲರ ಎಡಗಿವಿಗೂ ಪೂರ್ತಿ ವಿಶ್ರಾಂತಿ. ಇವತ್ತು ರಾತ್ರೀನೇ ಆರೂ ಪ್ರೆಸ್ಸನ್ನ ಬಲಗಡೆಗೆ ತಿರುಗಿಸಿ ನಿಲ್ಲಿಸ್ತಾರಂತೆ!”